ಕೊನೆಯ ಸಾಲಿನ ಕೆಂಪು ಸೀಟು

"ಗಾಲಿ ಎಲ್ಲಿ ಅದಾವು? ಮೊದಲು ಅದನ್ನ ತೋರಸು."

ರಾಯಚೂರಿನ ನಮ್ಮ ಮನೆಯ ಹಾಲ್‌ನಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತು, ಕನ್ನಡಕ ಮೂಗಿನ ಮೇಲೆ ಏರಿಸಿಕೊಂಡು ನಮ್ಮ ಭಾವ ಹೀಗೆ ಕೇಳಿದರು. ತೆರೆಯ ಮೇಲಿದ್ದದ್ದು ವಿಮಾನದ ಸೀಟುಗಳ ನಕ್ಷೆ. ಹೈದರಾಬಾದಿನಿಂದ ಲಂಡನ್‌ಗೆ, ಹತ್ತು ತಾಸಿನ ದಾರಿ. ಅದರಲ್ಲಿ ನಮ್ಮ ಶಾಂತಕ್ಕ ಎಲ್ಲಿ ಕೂರಬೇಕು ಎಂಬುದು ಅಂದಿನ ಸಭೆಯ ವಿಷಯ.

ಭಾವ ನಿವೃತ್ತ ಬಸ್ ಕಂಡಕ್ಟರ್. ದೇವದುರ್ಗ-ರಾಯಚೂರು ರೂಟಿನಲ್ಲಿ ಸೀಟಿ ಊದಿಯೇ ತಲೆ ನರೆಸಿಕೊಂಡವರು. ಗಾಲಿ ಮೇಲಿನ ಸೀಟು ಕುಲುಕುತ್ತದೆ, ಹಿಂದಿನ ಸೀಟು ಎತ್ತಿ ಒಗೆಯುತ್ತದೆ, ಬಾಗಿಲ ಬಳಿ ಕೂತರೆ ಬಾಯಿ ತುಂಬ ಧೂಳು. ಇದೆಲ್ಲ ಅವರಿಗೆ ಬಾಯಿಪಾಠ. ಬಸ್ಸಾದರೇನು, ವಿಮಾನವಾದರೇನು? ಸೀಟು ಸೀಟೇ.

"ಯಾವಾಗ ಬಿಡ್ತದ?"

"ಮುಂಜಾನಿ, ಭಾವ."

"ಮಾರಿ ಯಾ ಕಡಿ?"

"ಪಶ್ಚಿಮಕ್ಕ."

"ಹಂಗಾರ ಬಿಸಲು ಎಡಕ್ಕ ಹೊಡಿತದ. ಬಲಗಡಿ ಹಿಡೀರಿ."

(ರಾಯಚೂರಿನವರು ಬಸ್ ಹತ್ತುವ ಮೊದಲು ಬೋರ್ಡು ನೋಡುವುದಿಲ್ಲ, ಸೂರ್ಯನನ್ನು ನೋಡುತ್ತಾರೆ. ನಮ್ಮೂರ ಬಿಸಿಲಲ್ಲಿ ಒಮ್ಮೆ ತಪ್ಪು ಕಡೆ ಕೂತು ನೋಡಿ, ನೀವೂ ಕಲಿಯುತ್ತೀರಿ.)

ನಮ್ಮ ಮನೆಯವರು ಬಿಡುತ್ತಾರೆಯೇ? ಅವರು ಒಮ್ಮೆ ಆಫೀಸಿನ ಕೆಲಸಕ್ಕೆಂದು ದೆಹಲಿಗೆ ಹಾರಿ ಬಂದವರು. ಅಂದಿನಿಂದ ನಮ್ಮ ಮನೆಯ ವಿಮಾನಯಾನ ಖಾತೆ ಅವರದೇ. ಯಾವುದೋ ವೆಬ್‌ಸೈಟ್ ಹುಡುಕಿ ಇಟ್ಟುಕೊಂಡಿದ್ದರು. ಅದರಲ್ಲಿ ಒಳ್ಳೆಯ ಸೀಟಿಗೆ ಹಸಿರು, ಕೆಟ್ಟ ಸೀಟಿಗೆ ಕೆಂಪು. "ಅಣ್ಣಾರ, ರೆಕ್ಕಿ ಹತ್ರ ಕಿಟಕಿ ಸೀಟ ಹಿಡಿಯೂಣ್ರಿ. ಅಲುಗಾಡಂಗಿಲ್ಲ, ಮೋಡಾನೂ ಕಾಣಸ್ತಾವ" ಎಂದರು. ಲಂಡನ್ನಿನಿಂದ ನೀಲಾಳ ವಾಯ್ಸ್ ಮೆಸೇಜೂ ಬಂತು: "ಅಪ್ಪಾ, ಜೈ ಭೀಮ್. ಅವ್ವಗ ಕಿಟಕಿ ಬಾಜುನ ಹಿಡೀರಿ. ಮೊದಲನೇ ಸಲ ಬರಾಕತ್ತಾಳ, ಕಣ್ತುಂಬ ನೋಡ್ಲಿ."

ನೀಲಾ ಅಕ್ಕನ ಒಬ್ಬಳೇ ಮಗಳು. ಅಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸ್. ತುಂಬು ಗರ್ಭಿಣಿ, ಚೊಚ್ಚಲು. ಬಾಣಂತನಕ್ಕೆ ಅಕ್ಕ ಹೊರಟಿದ್ದಾಳೆ. ಖಾರಪುಡಿ, ಶೇಂಗಾ ಚಟ್ನಿ, ಅಂಟಿನುಂಡೆ ಎಲ್ಲ ಕಟ್ಟಿಯಾಗಿದೆ. ಸೀಟೊಂದು ಬಾಕಿ.

ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಅಕ್ಕ ಆಗ ಬಾಯಿ ಬಿಟ್ಟಳು.

"ಯಾವ ಸೀಟೂ ಬ್ಯಾಡ. ನಾ ಹೋಗಂಗಿಲ್ಲ. ಬೀಗತೀನ ಕಳಸ್ರಿ."

"ಯಾಕ, ಅಂಜಿಕಿ ಆಗ್ತದೇನು?" ಎಂದರು ಭಾವ. ಅಂಜಿಕೆ! ನಮ್ಮಕ್ಕ ನಿವೃತ್ತ ಹೆಡ್‌ಮಿಸ್ಟ್ರೆಸ್. ಆಕೆ ಕಾರಿಡಾರ್‌ಗೆ ಬಂದರೆ ಮಕ್ಕಳಷ್ಟೇ ಅಲ್ಲ, ಬಿಸಿಯೂಟದ ಕುಕ್ಕರ್ ಕೂಡ ಮೆಲ್ಲಗೆ ಸೀಟಿ ಹೊಡೆಯುತ್ತಿತ್ತಂತೆ. ಆಕೆ ವಿಮಾನಕ್ಕೆ ಅಂಜುತ್ತಾಳೆಯೇ?

ಅಕ್ಕ ಎದ್ದು ಅಡುಗೆಮನೆಗೆ ಹೋದಳು. ನಾನೂ ಹಿಂದೆ ಹೋದೆ. ಒಂದು ಚರಿಗೆ ನೀರು ಕೊಟ್ಟೆ. ಬೇಸಿಗೆ, ಮಧ್ಯಾಹ್ನ, ರಾಯಚೂರು. ಅಕ್ಕ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ನಾಲಿಗೆ ತೋಯಿಸಿ, ಚರಿಗೆ ಕೆಳಗಿಟ್ಟಳು.

"ಪೂರಾ ಕುಡಿ ಅಕ್ಕಾ."

"ಸಂಜಿಕ ಮನಿಗೆ ಹೋಗಾಕ ದೇವದುರ್ಗ ಬಸ್ ಹಿಡಿಬೇಕಲ್ಲ."

ನನಗೆ ಅಷ್ಟೇ ಸಾಕಾಯಿತು. ನಾನೂ ದಿನಾ ಮಾನ್ವಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವವಳು. ನನ್ನ ಬ್ಯಾಗಿನಲ್ಲೂ ಬಾಟಲಿ ಇರುತ್ತದೆ, ಮುಚ್ಚಳ ಬಿಗಿಯಾಗಿಯೇ ಇರುತ್ತದೆ. ಈ ಅಂಕಣ ಓದುವ ಅಕ್ಕತಂಗಿಯರಿಗೆ ನಾನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಅಣ್ಣತಮ್ಮಂದಿರಿಗೆ ಹೇಳಬೇಕು.

"ಕಿಟಕಿ ಬಾಜು ಕುಂತ್ರ ಬಾತ್‌ರೂಮಿಗೆ ಎದ್ದು ಹೋಗೋದು ಹೆಂಗ ಬೇ?" ಎಂದಳು ಅಕ್ಕ. "ಬಾಜೂಕ ಇಬ್ರು ಗಂಡಸರು ಕುಂತಿರ್ತಾರ. ಒಂದ್ ಸಲ ಎಬ್ಬಸಬಹುದು. ಮತ್ತೊಂದ್ ಸಲ? ಅದಕ್ಕ ಹಿಂದಿನ ದಿನದಿಂದನ ನೀರು ಬಿಟ್ರಾತು ಅಂದ್ಕೊಂಡೆ. ಮೊನ್ನಿ ಮನ್ಯಾಗ ಮಾಡಿ ನೋಡ್ದೆ. ಕಣ್ಣಿಗೆ ಕತ್ತಲಿ ಬಂತು."

"ಡಾಕ್ಟರ್ ಏನ್ ಹೇಳ್ಯಾರ ನಿನಗ? ಕಿಡ್ನಿಯಾಗ ಕಲ್ಲು ಆದಾಗ?"

"ನೀರು ಹೆಚ್ಚಿಗಿ ಕುಡಿ ಅಂದಾರ. ಅದ ಹೇಳಾಕತ್ತೀನಿ. ಕುಡುದ್ರ ಕುಂದ್ರಾಕಾಗಂಗಿಲ್ಲ, ಕುಡೀಲಿಲ್ಲಂದ್ರ ನನ್ನನ್ನ ಇಳಿಸಿ ಸೀದಾ ಆಸ್ಪತ್ರಿಗೆ ಒಯ್ಯಬೇಕು. ಆಮ್ಯಾಲ ಬಾಣಂತನ ನಾ ಆಕಿಗೆ ಮಾಡ್ಲೋ, ಆಕಿ ನನಗ ಮಾಡ್ಲೋ?"

ನಗು ಬಂತು. ಬೆನ್ನಿಗೇ ಸಿಟ್ಟೂ ಬಂತು. ಮಗಳ ಮೊದಲ ಹೆರಿಗೆ. ಕೈಯಲ್ಲಿ ಪಾಸ್‌ಪೋರ್ಟ್ ಇದೆ, ವೀಸಾ ಇದೆ, ಅಂಟಿನುಂಡೆಯೂ ಇದೆ. ಆದರೆ ಪಕ್ಕದವನನ್ನು ಎರಡನೆಯ ಸಲ ಎಬ್ಬಿಸಲು ಸಂಕೋಚ ಎಂಬ ಒಂದೇ ಕಾರಣಕ್ಕೆ ಈಕೆ ಆ ಭಾಗ್ಯವನ್ನು ಬೀಗತಿಗೆ ಬಿಟ್ಟುಕೊಡಲು ಹೊರಟಿದ್ದಾಳೆ!

ಹಾಲ್‌ಗೆ ಬಂದು ಮನೆಯವರನ್ನು ಕೇಳಿದೆ. "ವಿಮಾನದಾಗ ಟಾಯ್ಲೆಟ್ ಎಲ್ಲಿ ಅದ?"

"ಹಿಂದ. ಯಾಕ?"

"ಅದರ ಬಾಜು, ನಡುವಿನ ದಾರಿಗೆ ಹತ್ತಿದ ಸೀಟು ಖಾಲಿ ಅದ ಏನು?"

"ಕೊನೀ ಸಾಲಿಂದಾ? ಖಾಲಿನ ಇರ್ತದ. ಯಾರು ತಗೊಂತಾರ ಅದನ್ನ? ನೋಡಿಲ್ಲಿ, ಕೆಂಪು ಬಣ್ಣ ಹಚ್ಚ್ಯಾರ. ಸಪ್ಪಳ, ವಾಸನಿ, ಮಂದಿ ಮೈಮ್ಯಾಲ ಬಂದು ನಿಲ್ತಾರ. ಸೀಟು ಹಿಂದಕ್ಕ ಬಾಗಂಗೂ ಇಲ್ಲ."

"ಅದನ್ನ ಒತ್ತ್ರಿ."

ಭಾವ ಎದ್ದೇ ನಿಂತರು. "ಸುಜಾತಾ, ತಲಿ ಕೆಟ್ಟದೇನು ನಿನಗ? ಹೆಂಡ್ತಿನ್ನ ಪಾಯಖಾನಿ ಬಾಜು ಕುಂದ್ರಿಸಿ ಕಳಸ್ಲಾ? ನನ್ನ ಬಸ್ನ್ಯಾಗ ಆಕಿನ್ನ ಯಾವತ್ತಿದ್ರೂ ಡ್ರೈವರ್ ಹಿಂದಿನ ಸೀಟಿಗೆ ಕುಂದ್ರಿಸೀನಿ!"

ಅದು ಸತ್ಯ. ಅಕ್ಕನ ಶಾಲೆ ಆ ರೂಟಿನ ಒಂದು ಹಳ್ಳಿಯಲ್ಲಿತ್ತು. ಭಾವ ಆ ಸೀಟಿನ ಮೇಲೆ ತಮ್ಮ ಟಿಕೆಟ್ ಚೀಲವಿಟ್ಟು ಕಾಯುತ್ತಿದ್ದರು. ನಿಂತಿದ್ದವರು ಗೊಣಗಿದರೂ ಕೇಳುತ್ತಿರಲಿಲ್ಲ. ಅವರ ಪ್ರೀತಿ ಹಾಗೆ, ಬಾಯಲ್ಲಿ ಬರುತ್ತಿರಲಿಲ್ಲ, ಚೀಲದಲ್ಲಿ ಬರುತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು.

"ಖರೆ. ಚಲೋ ಸೀಟು ಕೊಟ್ರಿ. ಆದ್ರ ಆ ಸೀಟ್ನ್ಯಾಗ ಕುಂತು ನಾ ಒಂದ್ ದಿನಾನೂ ನೀರು ಕುಡಿದಿಲ್ಲ. ನಿಮಗ ಗೊತ್ತದ ಏನ್ರೀ?"

"ಕೈಯಾಗ ಬಾಟ್ಲಿ ಇರ್ತಿತ್ತಲ್ಲ?"

"ಇರ್ತಿತ್ತು. ತುಂಬಿದ್ದು ತುಂಬಿದಂಗ ಹೋಗ್ತಿತ್ತು. ಶಾಲಿ ಬೇವಿನ ಗಿಡಕ್ಕ ಸುರುವಿ ಬರ್ತಿದ್ದೆ. ಇಳಿಯೋ ಕ್ರಾಸ್‌ನ್ಯಾಗ ಏನೂ ಇದ್ದಿಲ್ಲ. ಶಾಲ್ಯಾಗ ಇತ್ತು, ಅದಕ್ಕ ಬಾಗಲಾ ಇದ್ದಿಲ್ಲ. ಮಕ್ಕಳು ಕಿರುಬೆರಳು ಎತ್ತಿದ್ರ ನಾ ಬಿಡ್ತಿದ್ದೆ. ನಾ ಯಾರ ಮುಂದ ಎತ್ಲಿ?"

ಭಾವನಿಗೆ ಇದು ಗೊತ್ತೇ ಇರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಬಸ್ಸು ಕೆಟ್ಟು ನಿಂತರೆ ಗಂಡಸರಿಗೆ ದಾರಿಯುದ್ದಕ್ಕೂ ಜಾಲಿಗಿಡಗಳು ಇದ್ದೇ ಇವೆ. (ನೀವೂ ನಿಂತವರೇ. ಸುಮ್ಮನೆ ತಲೆ ತಗ್ಗಿಸಬೇಡಿ, ಮುಂದೆ ಓದಿ.) ಆಗ ಹೆಂಗಸರು ಬಸ್ಸಿನೊಳಗೆ ಕೂತು ಯಾಕೆ ಇಳಿಯುತ್ತಿಲ್ಲ ಎಂದು ಯಾವ ಕಂಡಕ್ಟರ್ ಕೇಳಿದ್ದಾನೆ?

ಭಾವ ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. ಲ್ಯಾಪ್‌ಟಾಪ್ ತಮ್ಮ ಕಡೆ ತಿರುಗಿಸಿಕೊಂಡರು.

"ಯಾವುದು? ಇದಾ ಕೆಂಪಂದು?"

ಒತ್ತಿದರು. ಹಳೆಯ ಚಾಳಿ ಎಲ್ಲಿ ಹೋಗುತ್ತದೆ? ಮೆಲ್ಲಗೆ "ರೈಟ್" ಅಂದರು. ಅಕ್ಕ ನಕ್ಕುಬಿಟ್ಟಳು. ಒಳಗೆ ಹೋಗಿ ಚರಿಗೆಯ ನೀರು ಗಟಗಟ ಕುಡಿದು ಬಂದಳು. (ಅಂದು ರಾತ್ರಿ ಇಬ್ಬರೂ ನಮ್ಮಲ್ಲೇ ಉಳಿದರು ಎನ್ನುವುದನ್ನು ಬೇರೆ ಹೇಳಬೇಕೆ?)

ಒಳ್ಳೆಯ ಸೀಟು ಯಾವುದು ಎಂದು ಜಗತ್ತೆಲ್ಲ ತಲೆ ಕೆಡಿಸಿಕೊಳ್ಳುತ್ತದೆ. ಕಾಲು ಚಾಚಬೇಕು, ನಿದ್ದೆ ಬರಬೇಕು, ಮೋಡ ಕಾಣಬೇಕು, ಮೊದಲು ಇಳಿಯಬೇಕು. ಯಾರಿಗೆ ಒಳ್ಳೆಯದು ಎಂದು ಆ ಹಸಿರು ಬಣ್ಣ ಹಚ್ಚಿದವರು ಕೇಳಿದಂತಿಲ್ಲ. ನಾವಾದರೂ ಎಲ್ಲಿ ಕೇಳಿದೆವು? ಸೀಟು ಆಕೆಯದು, ಸಭೆ ನಮ್ಮದು.

ಅಕ್ಕ ಹಾರಿದಳು. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಎಲ್ಲರೂ ಮೋಡದ ಫೋಟೋಗೆ ಕಾಯುತ್ತಿದ್ದೆವು. ಲಂಡನ್ ಮುಟ್ಟಿದ ಮೇಲೆ ಒಂದು ಫೋಟೋ ಬಂತು. ಮೋಡವಿಲ್ಲ, ರೆಕ್ಕೆಯಿಲ್ಲ. ಒಂದರೊಳಗೊಂದು ಜೋಡಿಸಿಟ್ಟ ಖಾಲಿ ಲೋಟಗಳು!

ವಿಡಿಯೋ ಕಾಲ್‌ನಲ್ಲಿ ಅಕ್ಕನ ಮುಖ ಅರಳಿತ್ತು. "ನೀರು ಕುಡುದೆ, ಹಣ್ಣಿನ ರಸ ಕುಡುದೆ, ಚಾ ಕುಡುದೆ. ವಿಮಾನದ ಹುಡುಗಿ ಬಂದು ಕೇಳಿದಾಗೊಮ್ಮಿ ಹೂಂ ಅಂದೆ."

"ಎಷ್ಟು ಸಲ ಎದ್ದಿ ಅಕ್ಕಾ?"

"ಯಾರಿಗೊತ್ತು ಬೇ! ಯಾರನ್ನೂ ಕೇಳ್ಲಿಲ್ಲ. ಎದ್ದೆ, ಹ್ವಾದೆ, ಚಿಲಕ ಹಾಕ್ದೆ. ಗದ್ವಾಲ ಕಡಿ ಒಬ್ಬಾಕಿ ಮುದುಕಿ ಬಾಗಲಾ ತೆಗಿಯಾಕ ಬರ್ಲಾರದ ನಿಂತಿದ್ಲು. ಆಕಿಗೂ ತೆಲುಗಿನಾಗ ಕಲಿಸ್ದೆ."

ಅಲ್ಲಿಯೂ ಶಾಲೆ ತೆರೆದಿದ್ದಳು ನೋಡಿ. ಪಕ್ಕದಲ್ಲಿದ್ದ ಭಾವ ಫೋನಿಗೆ ಮುಖ ಚಾಚಿ, ಅಳುಕುತ್ತಲೇ ಕೇಳಿದರು. "ವಾಸನಿ, ಸಪ್ಪಳ ಏನರ ಇತ್ತೇನು?"

"ಇತ್ತು. ದಾರಿ ಉದ್ದಕ್ಕೂ ಬಾಗಲಾ ಧಡ್ ಧಡ್ ಬಡಕೊಂತಿತ್ತು," ಎಂದಳು ಅಕ್ಕ. "ಆದ್ರ ಬಾಗಲಾ ಇತ್ತಲ್ರೀ."

ಮೊಮ್ಮಗಳು ಹುಟ್ಟಿದ್ದಾಳೆ. ಅಜ್ಜಿಯದೇ ಗಂಟಲಂತೆ, ವಾರ್ಡಿಗೆಲ್ಲ ಕೇಳಿಸಿದೆ. ಭಾವ ಇಡೀ ಓಣಿಗೆ ಪೇಢಾ ಹಂಚಿದರು.

ಮೊನ್ನೆ ಮಾನ್ವಿ ಬಸ್ಸಿನಲ್ಲಿ ನನಗೆ ಡ್ರೈವರ್ ಹಿಂದಿನ ಸೀಟೇ ಸಿಕ್ಕಿತು. ನೆರಳಿನ ಕಡೆ ಬೇರೆ. ಪಕ್ಕದಲ್ಲಿ ಕೂತ ಹುಡುಗಿ ಹೊಸದಾಗಿ ನೌಕರಿಗೆ ಸೇರಿದ ಟೀಚರ್, ಮಾನ್ವಿ ದಾಟಿ ಪೋತ್ನಾಳದ ಕಡೆ ಹೋಗುವವಳು. ತುಟಿ ಒಣಗಿತ್ತು. ಮಡಿಲಲ್ಲಿ ತುಂಬಿದ ಬಾಟಲಿ ಇತ್ತು.

"ಕುಡಿಯವ್ವಾ," ಎಂದೆ.

"ಬ್ಯಾಡ್ರೀ ಮೇಡಂ, ದೂರ ಹೋಗಬೇಕು," ಎಂದು ನಕ್ಕಳು.

ಆಕಾಶದಲ್ಲಿ ಜಾಗ ಸಿಕ್ಕ ಆ ಬಾಗಿಲಿಗೆ ನೆಲದ ಮೇಲೇಕೆ ಜಾಗವಿಲ್ಲ?