ಸಂಘದ ಮೀಸಲು

ಮಕ್ತಲಿನ ನಮ್ಮ ಕನ್ನಡ ಸಂಘಕ್ಕೆ ಸೀರೆ ವ್ಯಾಪಾರಿಯೊಬ್ಬರು ಖಜಾಂಚಿಯಾಗಿದ್ದರು. ಸಂಘದ ಕೆಲಸ ಒಂದೇ: ಸಂಜೆ ಮಕ್ಕಳಿಗೆ ಕನ್ನಡ ಕಲಿಸುವ ಮಾಸ್ತರರಿಗೆ ಪಗಾರ ಕೊಡುವುದು. ಚಂದಾದಲ್ಲಿ ಉಳಿದದ್ದನ್ನು ಖಜಾಂಚಿ ಬ್ಯಾಂಕಿಗೆ ಹಾಕುವರು. ಯಾರಾದರೂ ಅದನ್ನು ಕೇಳಿದರೆ ಗಾಳಿಯಲ್ಲೇ ಸೀರೆ ಮಡಿಸಿದಂತೆ ಕೈಯಾಡಿಸಿ, "ಅದು ಮೀಸಲು ಐತ್ರಿ" ಅನ್ನುವರು. ದೇವರಿಗೆಂದು ಯಾರೂ ಬಾಯಿಗಿಡದೆ ಎತ್ತಿಟ್ಟ ಬೆಣ್ಣೆಗೂ ನಮ್ಮಲ್ಲಿ ಅದೇ ಮಾತು. ಬ್ಯಾಂಕಿನ ರೊಕ್ಕಕ್ಕೆ ಮಡಿ ಯಾಕೆ ಎಂದು ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಪ್ರತಿ ಸಭೆಯಲ್ಲೂ ಕೇಳುತ್ತಿದ್ದೆ. ಅವರು ನನಗೆ ಚಹಾ ತರಿಸುತ್ತಿದ್ದರು.

ತೆಲಂಗಾಣ ಬೇರೆ ರಾಜ್ಯವಾಗಿ ನಾವು ಅದರೊಳಗೆ ಬಂದೆವು, ಆಮೇಲೆ ನಮ್ಮ ಜಿಲ್ಲೆ ಒಡೆದು ಗದ್ವಾಲ ಬೇರೆ ಜಿಲ್ಲೆಯಾಯಿತು. ಸಂಘಕ್ಕೆ ಚಂದಾ ಕೊಡುತ್ತಿದ್ದ ಅಲ್ಲಿಯ ಸದಸ್ಯರು ಬಂದು, "ರಾಜ್ಯ ಒಡೀತು, ಜಿಲ್ಲಾ ಒಡೀತು. ಮೀಸಲಿನಾಗ ನಮ್ಮ ಪಾಲೂ ಕೊಟ್ಟುಬಿಡ್ರಿ" ಎಂದರು. ಕೊಟ್ಟರೆ ಅವರ ಚಂದಾವೂ ನಿಂತು, ಮಾಸ್ತರರ ಪಗಾರ ಬೇಸಿಗೆ ದಾಟುತ್ತಿರಲಿಲ್ಲ. ನಾನು ವಾದಕ್ಕೆ ಎದ್ದೆ. ಖಜಾಂಚಿ ನನ್ನ ಅಂಗಿ ಹಿಡಿದೆಳೆದು ಕೂಡಿಸಿದರು.

"ಒಯ್ಯಿರಿ. ಆದ್ರ ಮೀಸಲು ಅಂದ್ರ ಮೊದಲು ದೇವರಿಗೆ. ಮಾಸ್ತರರನ್ನೂ ಕರಕೊಂಡು ಹೋಗ್ರಿ, ವಾರದಾಗ ಎರಡು ದಿನ ನಿಮ್ಮ ಹುಡುಗರಿಗೂ ಕಲಿಸ್ಲಿ. ಅವರ ಪಗಾರ ಕೊಟ್ಟು ಉಳಿದದ್ದು ನಿಮ್ದ."

"ಏನೂ ಉಳಿಯಂಗಿಲ್ಲಲ್ರೀ."

"ನೀವು ಚಂದಾ ಕೊಡೂದು ಬಿಡಬ್ಯಾಡ್ರಿ, ಉಳೀತೈತಿ."

ಗದ್ವಾಲದವರು ಮುಖ ಮುಖ ನೋಡಿಕೊಂಡು ನಕ್ಕರು. ಹುಡುಗರಿಗೆ ಮಾಸ್ತರು ಸಿಗುವುದಾದರೆ ಚಂದಾ ಮುಂದುವರಿಸಲು ಒಪ್ಪಿದರು.

ಅವರು ಹೋದ ಮೇಲೆ ನಾನು ಬಿಡಲಿಲ್ಲ: "ಇದು ತರ್ಕ ಅಲ್ಲರೀ. ಮಾಸ್ತರು ದೇವರು ಹೆಂಗ ಆದ್ರು?"

"ಆಗಿಲ್ಲ ಬಿಡು ತಮ್ಮಾ, ನೀನ ಗೆದ್ದಿ," ಎಂದರು ಖಜಾಂಚಿ. "ಈಗ ಹೋಗಿ ಮಾಸ್ತರರಿಗೆ ಗದ್ವಾಲದ ಬಸ್ಸು ಎಷ್ಟೊತ್ತಿಗೆ ಐತಿ ಕೇಳ್ಕೊಂಡು ಬಾ."