ಬೇರೆಯವರ ತಮ್ಮಂದಿರನ್ನು ನೋಡಿಬರುವ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗೇಟಿನ ಕಾವಲುಗಾರ ಕಂಬಳಿಯೊಳಗಿಂದ ಮುಖ ಹೊರಗೆ ಹಾಕುತ್ತಾನೆ, ಬಂದವರು ಯಾರೆಂದು ಕಂಡದ್ದೇ ತಡ, ದಡಬಡಿಸಿ ಏಳುತ್ತಾನೆ. "ಅಕ್ಕ, ಒಂದು ಫೋನ್ ಆದ್ರೂ ಮಾಡಿ ಬರಬಾರ್ದಾ?"

"ಫೋನ್ ಮಾಡಿದ್ರೆ ನೀವು ನೆಂಟರಿಗೆ ಅಂತ ಗುಡಿಸಿದ ಮನೆ ತೋರಿಸ್ತೀರ. ನಂಗೆ ದಿನಾ ಇರೋ ಮನೆ ನೋಡ್ಬೇಕಪ್ಪ" ಎನ್ನುತ್ತಾ ಅಕ್ಕ ಒಳಗೆ ನಡೆಯುತ್ತಾರೆ.

ಇದು ಮನೋರೋಗದಿಂದ ಬಳಲುವ, ಬುದ್ಧಿ ಬೆಳೆಯದ ಹೆಂಗಸರಿಗಾಗಿ ಸರ್ಕಾರ ನಡೆಸುವ ವಸತಿಗೃಹ. ಇಂಥ ಗೃಹಗಳು ಹೇಗೆ ನಡೆಯುತ್ತಿವೆ ಎಂದು ಪರಿಶೀಲಿಸುವ ತಂಡದಲ್ಲಿ ಒಬ್ಬರು ವೈದ್ಯರು, ಒಬ್ಬರು ಅಧಿಕಾರಿ. ಮೂರನೆಯ ಜಾಗ ಇಂಥ ಮನೆಗಳಲ್ಲಿ ತಮ್ಮವರನ್ನು ಬಿಟ್ಟಿರುವ ಕುಟುಂಬದವರಿಗೆ ಮೀಸಲು. ಆ ಮೂರನೆಯವರೇ ಈ ಅಕ್ಕ. ಕಸುಬಿನಿಂದ ದರ್ಜಿ, ಬೀದಿಯವರ ಬಾಯಲ್ಲಿ ಟೈಲರಕ್ಕ. ವರದಿಯ ಕೊನೆಯ ಹಾಳೆಯಲ್ಲಿ ಅವರ ಸಹಿ ಇರುತ್ತದೆ. ಆದರೆ ಓದುವವರು ಅಷ್ಟು ದೂರ ಬರುವುದು ಅಪರೂಪ.

ಅಕ್ಕ ಮೊದಲು ಹೋಗುವುದು ಬಚ್ಚಲಿಗೆ. ನಲ್ಲಿಯ ಕೆಳಗೆ ಕೈ ಹಿಡಿಯುತ್ತಾರೆ. ನೀರು ಬೆಚ್ಚಗಿದೆ. ಬಾಗಿಲು ಮುಚ್ಚಿ ನೋಡುತ್ತಾರೆ, ಅದು ತಾನಾಗಿಯೇ ತೆರೆದುಕೊಳ್ಳುತ್ತದೆ.

"ಚಿಲಕ ಎಲ್ಲಮ್ಮಾ?"

"ಒಳಗಿಂದ ಹಾಕ್ಕೊಂಡು ಬಿದ್ದುಬಿಟ್ರೆ ಏನ್ ಗತಿ ಅಕ್ಕ?" ಎನ್ನುತ್ತಾರೆ ಮೇಟ್ರನ್. ರಾತ್ರಿಯೆಲ್ಲ ಒಬ್ಬರೇ ಎದ್ದಿದ್ದ ಕಣ್ಣುಗಳು ಅವರವು.

"ಹೊರಗಿಂದಲೂ ತೆಗೆಯೋಕೆ ಬರೋ ಚಿಲಕ ಸಿಗುತ್ತೆ. ನಾವು ಬಾಗಿಲು ಹಾಕ್ಕೊಂಡೇ ಅಲ್ವಾ ಸ್ನಾನ ಮಾಡೋದು? ಅವ್ರಿಗೂ ಮಾನ ಇದೆಯಲ್ಲ. ನಿಮ್ಗೆ ರಾತ್ರಿ ಜೊತೆಗೊಬ್ರು ಬೇಕು ಅಂತಾನೂ ಬರೆಸ್ತೀನಿ, ಬೇಜಾರು ಮಾಡ್ಕೋಬೇಡಿ."

ಮೇಟ್ರನ್ ಮುಖ ಸ್ವಲ್ಪ ಸಡಿಲವಾಗುತ್ತದೆ. ಅಷ್ಟರಲ್ಲಿ ಮಂಚದ ಮೇಲೆ ಎದ್ದು ಕೂತ ವಯಸ್ಸಾದ ಹೆಂಗಸೊಬ್ಬರು ಅಕ್ಕನ ಸೆರಗು ಹಿಡಿಯುತ್ತಾರೆ. "ನನ್ನ ಕರ್ಕೊಂಡು ಹೋಗೋಕೆ ಬಂದ್ಯಾ?"

ಯಾವ ಊರಿನ ಯಾವ ಗೃಹಕ್ಕೆ ಹೋದರೂ ಎದುರಾಗುವ ಮೊದಲ ಪ್ರಶ್ನೆ ಇದೇ. ಶುರುವಿನಲ್ಲಿ ಅಕ್ಕ "ನಾಳೆ ಕರ್ಕೊಂಡು ಹೋಗ್ತೀನಿ" ಎಂದು ಹೇಳಿ ಜಾರಿಕೊಳ್ಳುತ್ತಿದ್ದರಂತೆ. ಒಂದು ಮನೆಗೆ ಮತ್ತೆ ಹೋದಾಗ, ಹಾಗೆ ಹೇಳಿಸಿಕೊಂಡಿದ್ದ ಹುಡುಗಿ ಅಂದಿನಿಂದಲೂ ತಲೆ ಬಾಚಿ, ಬಟ್ಟೆ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದುದು ಕಂಡಿತು. ಅಲ್ಲಿಗೆ ಆ ಸುಳ್ಳು ನಿಂತಿತು. ಈಗ "ಇಲ್ಲಮ್ಮ, ನಿಮ್ಮನ್ನ ನೋಡ್ಕೊಂಡು ಹೋಗೋಕೆ ಬಂದೆ" ಎಂದು ನಿಜವನ್ನೇ ಹೇಳುತ್ತಾರೆ. ಹೇಳಿದ ಮೇಲೆ ಎದ್ದು ಹೋಗುವುದಿಲ್ಲ, ಮಂಚದ ತುದಿಯಲ್ಲಿ ಕೂತು ಆ ಕೈ ತಾನಾಗಿ ಸೆರಗು ಬಿಡುವವರೆಗೆ ಕಾಯುತ್ತಾರೆ. ಜೊತೆಗೆ ಬಂದ ವೈದ್ಯರು ಅಷ್ಟು ಹೊತ್ತು ಹೊರಗೆ ಚಹಾ ಕುಡಿಯುತ್ತಾರೆ, ಅವರಿಗೂ ಇದು ರೂಢಿಯಾಗಿದೆ.

ದರ್ಜಿಯ ಕಣ್ಣು ಬಟ್ಟೆಯ ಮೇಲೆ ಬೀಳದಿರುತ್ತದೆಯೇ? ಮೊದಮೊದಲು ಎಲ್ಲ ಗೃಹಗಳಲ್ಲೂ ಒಗೆದ ಬಟ್ಟೆಯನ್ನು ಒಂದೇ ರಾಶಿ ಹಾಕಿ, ಕೈಗೆ ಸಿಕ್ಕಿದ್ದನ್ನು ತೊಡಿಸುತ್ತಿದ್ದರು. ಒಬ್ಬರ ಅಂಗಿ ಇನ್ನೊಬ್ಬರ ಮೈಮೇಲೆ ನೇತಾಡುತ್ತಿತ್ತು. ಒಬ್ಬೊಬ್ಬರಿಗೂ ಅವರದೇ ಬಟ್ಟೆ, ಅದನ್ನಿಡಲು ಅವರದೇ ಗೂಡು ಬೇಕೆಂದು ಅಕ್ಕ ಪಟ್ಟು ಹಿಡಿದರು. ವೈದ್ಯರು ದನಿಗೂಡಿಸಿದರು. ಈಗ ಕೆಲವು ಕಡೆಯಾದರೂ ಅದು ಜಾರಿಗೆ ಬಂದಿದೆ. ಹೊಸ ರವಿಕೆ ಸಿಕ್ಕ ಒಬ್ಬಾಕೆ ಅದನ್ನು ತೊಡದೆ ಎದೆಗವಚಿಕೊಂಡು ಮಲಗಿದ್ದನ್ನು ಅಕ್ಕ ಇಂದಿಗೂ ಹೇಳುತ್ತಿರುತ್ತಾರೆ.

ಇಷ್ಟೆಲ್ಲ ಮನೆ ಸುತ್ತುವ ಅಕ್ಕನಿಗೆ ಒಂದು ಮನೆಯನ್ನು ಮಾತ್ರ ಪರಿಶೀಲಿಸುವ ಹಾಗಿಲ್ಲ. ತಮ್ಮವರಿರುವ ಕಡೆ ತಾವೇ ಪರಿಶೀಲನೆಗೆ ಹೋಗಕೂಡದೆಂಬುದು ನಿಯಮ. ಅಲ್ಲಿದ್ದಾನೆ ಅವರ ತಮ್ಮ. ತಲೆ ನರೆತಿದ್ದರೂ ಹೆಸರು ಪುಟ್ಟನೇ.

ತಾಯಿ ತೀರಿಕೊಂಡ ಮೇಲೆ ಪುಟ್ಟನನ್ನು ಸಾಕಿದ್ದು ಅಕ್ಕನೇ. ಇವರು ಹೊಲಿಗೆ ಯಂತ್ರ ತುಳಿಯುತ್ತಿದ್ದರೆ ಅವನು ಪಕ್ಕದಲ್ಲಿ ಕೂತು ದಾರದ ಚೂರು ಆಯುತ್ತಿದ್ದ. ಅವನಿಗೆ ಬರುತ್ತಿದ್ದುದು ಒಂದೇ ಮಾತು, ಅಕ್ಕ. ಹಸಿವಾದರೂ ಅಕ್ಕ, ಮಳೆ ಬಂದರೂ ಅಕ್ಕ. "ಸಿಟ್ಟು ಬಂದಾಗ್ಲೂ ಅದೇ ಅಂತಿದ್ದ. ದನಿ ಮೇಲೆ ನಾನು ತಿಳ್ಕೋತಿದ್ದೆ" ಎಂದು ನಗುತ್ತಾರೆ.

ಆಮೇಲೆ ಅಕ್ಕನ ಬೆನ್ನಿಗೆ ಶಸ್ತ್ರಚಿಕಿತ್ಸೆಯಾಯಿತು. ಹಾಸಿಗೆ ಹಿಡಿದವರು ಎದ್ದೇಳುವವರೆಗೆ ಎಂದು ಅವನನ್ನು ಊರಿನ ಗೃಹದಲ್ಲಿ ಬಿಟ್ಟರು. ಚೇತರಿಸಿಕೊಂಡವರೇ ಮನೆಗೆ ಕರೆತಂದರು. ಆದರೆ ಅವನಿಗೆ ಫಿಟ್ಸ್ ಹೆಚ್ಚಾಗಿತ್ತು. ಬಿದ್ದ ಆಳನ್ನು ಎತ್ತಲು ಅವರ ಬೆನ್ನು ಬಗ್ಗುತ್ತಿರಲಿಲ್ಲ. ಹಗಲು ನೋಡಿಕೊಳ್ಳುವ ಕೇಂದ್ರವೂ ಹತ್ತಿರದಲ್ಲಿರಲಿಲ್ಲ. ಕೊನೆಗೆ ವಾಪಸು ಬಿಡಬೇಕಾಯಿತು. ಕಟ್ಟಡ ಹಳತಾಯಿತೆಂದು ಆ ಗೃಹವನ್ನೂ ಮುಚ್ಚಿದರು, ಪುಟ್ಟನನ್ನು ದೂರದ ಊರಿಗೆ ಸಾಗಿಸಿದರು.

"ಎರಡನೇ ಸಲ ಬಿಟ್ಟು ಬರುವಾಗ ಗೋಡೆ ಕಡೆ ಮುಖ ತಿರುಗಿಸ್ಕೊಂಡ. ಇವತ್ತಿಗೂ ಹಾಗೇನೇ. ತಿಂಗ್ಳಿಗೊಂದ್ಸಲ ಹೋಗ್ತೀನಿ. ಬೆನ್ನು ಸವರಿದ್ರೆ ಸವರಿಸ್ಕೋತಾನೆ, ತಿರುಗಲ್ಲ, ಮಾತಾಡಲ್ಲ. ನಮ್ಮಮ್ಮನ ಹಟ ಪೂರ್ತಿ ಇವನಿಗೇ ಬಂದಿದೆ" ಎನ್ನುವಾಗ ಅಕ್ಕನ ಕೈ ಗಾಳಿಯಲ್ಲೇ ಯಾರದೋ ಬೆನ್ನು ಸವರುತ್ತದೆ.

ಆ ಗೃಹವನ್ನು ಪರಿಶೀಲಿಸುವುದು ಇನ್ನೊಂದು ತಂಡ. ಅದರಲ್ಲಿ ಕುಟುಂಬದ ಜಾಗದಲ್ಲಿರುವವರು ನಿವೃತ್ತ ಬಸ್ ಚಾಲಕರು. ಅವರ ಮಗಳಿರುವುದು ಅಕ್ಕ ನೋಡುವ ಗೃಹದಲ್ಲಿ. ಹೀಗೆ ಚಾಲಕರ ಮಗಳನ್ನು ಅಕ್ಕ, ಅಕ್ಕನ ತಮ್ಮನನ್ನು ಚಾಲಕರು ನೋಡಿ ಬರುತ್ತಾರೆ. ಕಳೆದ ಸಲ ಸಭೆಗೆ ಬಂದ ಚಾಲಕರು ಕುರ್ಚಿ ಎಳೆದುಕೊಂಡು ಕೂತು ಹೇಳಿದರು: "ನಿಮ್ಮ ಪುಟ್ಟ ನೀಲಿ ಅಂಗಿ ಹಾಕಿದ್ದನಮ್ಮ. ಎಷ್ಟು ಚೆನ್ನಾಗಿದೆಯಪ್ಪಾ, ಯಾರು ಹೊಲಿದಿದ್ದು ಅಂತ ಕೇಳ್ದೆ. ಕಾಲರ್ ಹಿಡ್ಕೊಂಡು 'ಅಕ್ಕ' ಅಂದ."

ಅಕ್ಕ ಕೇಳಿದ್ದು ಇಷ್ಟೇ: "ಹೇಗಂದ? ಸಿಟ್ಟಲ್ಲಿ ಅಂದ್ನಾ, ಸುಮ್ನೆ ಅಂದ್ನಾ? ಅವನ ಥರಾನೇ ಇನ್ನೊಂದ್ಸಲ ಅನ್ನಿ." ಆ ಹಿರಿಯರು ಸಭೆಯ ನಡುವೆಯೇ ದನಿ ತೆಗೆದು "ಅಕ್ಕ" ಎಂದರು. ಅಧಿಕಾರಿಗಳು ತಲೆಯೆತ್ತಿ ನೋಡಿದರು.

ಊರಾಚೆಯ ದೊಡ್ಡ ಕಟ್ಟಡಗಳ ಬದಲು ಅವರವರ ಊರಲ್ಲೇ ನಾಲ್ಕೈದು ಜನರ ಸಣ್ಣ ಮನೆಗಳಿರಲಿ ಎಂದು ಈ ತಂಡಗಳು ಬರೆದದ್ದಕ್ಕೆ ಈಗ ಒಪ್ಪಿಗೆ ಸಿಕ್ಕಿದೆ. ಅಕ್ಕನ ಬೀದಿಯಲ್ಲೇ ಒಂದು ಮನೆ ನೋಡಿದ್ದಾರೆ. ಅಕ್ಕಪಕ್ಕದವರಲ್ಲಿ ಕೆಲವರು ಬೇಡವೆನ್ನುತ್ತಿದ್ದಾರೆ. ಅಕ್ಕ ಅಳತೆ ತೆಗೆದುಕೊಳ್ಳುವ ನೆಪದಲ್ಲಿ ಒಂದೊಂದೇ ಮನೆಗೆ ಹೋಗಿ ಮಾತಾಡಿ ಬರುತ್ತಿದ್ದಾರೆ. ಮನೆ ಶುರುವಾದರೂ ಪುಟ್ಟನಿಗೆ ಅಲ್ಲಿ ಜಾಗ ಸಿಕ್ಕೇ ಸಿಗುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ಅವನು ಬಂದರೆ ಮಾತಾಡುತ್ತಾನೆಯೇ ಎಂದು ಕೇಳಿದರೆ ಅಕ್ಕ ಸೂಜಿಗೆ ದಾರ ಪೋಣಿಸುತ್ತಾ ಹೇಳುತ್ತಾರೆ:

"ಮಾತಾಡ್ದೇ ಇದ್ರೆ ಬೇಡ ಬಿಡಿ. ಮುನಿಸ್ಕೊಂಡೇ ಇರ್ಲಿ. ಆದ್ರೆ ನಮ್ಮ ಬೀದೀಲಿ ಮುನಿಸ್ಕೊಂಡಿರ್ಲಿ."