ಮೇಲಿನ ಮನೆಯ ಊಟ, ಕೆಳಗಿನ ಮನೆಯ ಸ್ನಾನ

ಮಲ್ಲೇಶ್ವರದ ಆ ಮನೆಯ ಮಹಡಿಯನ್ನು ಬಾಡಿಗೆಗೆ ಕೇಳಲು ಹೋದಾಗ ಓನರ್ ಮೇಡಂ ಕೇಳಿದ ಮೊದಲ ಪ್ರಶ್ನೆ, "ನೀವು ಯಾವ ಜನ?" ಎನ್ನುವುದು. "ಬೌದ್ಧರು" ಎಂದೆ. ಹಾಗೆಂದರೆ ಅಂಥವರಿಗೆ ಸ್ವಲ್ಪ ಹೊತ್ತು ಏನೂ ತೋಚುವುದಿಲ್ಲ. ಧ್ಯಾನ, ಟಿಬೆಟ್ಟು, ಶಾಂತಿ, ಸೊಪ್ಪುಸದೆ ತಿನ್ನುವವರು ಎಂದೆಲ್ಲ ತಲೆಯಲ್ಲಿ ಓಡುತ್ತದೆ. ಅದು ಓಡಿ ಮುಗಿಯುವಷ್ಟರಲ್ಲಿ ಬೀಗದ ಕೈ ನಮ್ಮ ಕೈಗೆ ಬಂದಿರುತ್ತದೆ. ತಿಂಗಳೊಳಗೆ ನಮ್ಮ ಕೋಳಿಸಾರಿನ ಒಗ್ಗರಣೆಯ ವಾಸನೆ ಅವರಿಗೆ ನಿಜ ತಿಳಿಸಿತು. ಆಗ ಅಗ್ರಿಮೆಂಟ್ ಆಗಿಹೋಗಿತ್ತು, ನಾನು ಸರ್ಕಾರಿ ಕೆಲಸದವಳು, ಸುಲಭಕ್ಕೆ ಓಡಿಸುವಂತಿರಲಿಲ್ಲ. "ಕಿಟಕಿ ಹಾಕ್ಕೊಂಡು ಮಾಡ್ಕೊಳಿ" ಎಂದಷ್ಟೇ ಹೇಳಿದರು.

ಮೇಡಂ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಮೇಲೆ ನಾನು ಮತ್ತು ನನ್ನ ಅಮ್ಮ, ಕೆಳಗೆ ಅವರು ಮತ್ತು ಅವರ ಬೆಕ್ಕು. ಉದ್ದ ಕೂದಲಿನ, ಚಪ್ಪಟೆ ಮೂತಿಯ ಬಿಳಿ ಬೆಕ್ಕು. ಅದನ್ನು ಅವರು "ಕಂದ" ಎಂದು ಕರೆಯುತ್ತಿದ್ದರು. ಕಂದನಿಗೆ ಬೆಳಿಗ್ಗೆ ಹಾಲು, ಮಧ್ಯಾಹ್ನ ಮೊಸರನ್ನ, ರಾತ್ರಿ ಮತ್ತೆ ಮೊಸರನ್ನ, ಏಕಾದಶಿ ದಿನ ಅವಲಕ್ಕಿ. ಹುಲಿಯ ಜಾತಿಗೆ ಸೇರಿದ ಪ್ರಾಣಿಯನ್ನು ಆ ಹೆಂಗಸು ಮಠದ ಊಟಕ್ಕೆ ಕೂರಿಸಿದ್ದರು.

ಆ ಬೆಕ್ಕಿಗೆ ಕೂದಲುಂಡೆಯ ಕಾಟ ಶುರುವಾಯಿತು. ಮೈ ನೆಕ್ಕಿದಾಗೆಲ್ಲ ಕೂದಲು ಹೊಟ್ಟೆಗೆ ಹೋಗಿ ಅಲ್ಲಿ ಗಂಟಾಗುತ್ತದೆ. ವಾರಕ್ಕೆರಡು ಸಲ ಕತ್ತು ಚಾಚಿ, ಹೊಟ್ಟೆ ಹಿಂಡಿಕೊಂಡು, ಗೊಕ್ ಗೊಕ್ ಎಂದು ಕೆಮ್ಮಿ ಬೆರಳುದ್ದದ ಒದ್ದೆ ಉಂಡೆ ಕಾರುತ್ತಿತ್ತು. ಆ ಸದ್ದು ನಮ್ಮ ಅಡುಗೆಮನೆಗೂ ಕೇಳುತ್ತಿತ್ತು. ಮೇಡಂಗೆ ಮಂಡಿನೋವು, ಬುಟ್ಟಿ ಎತ್ತಲಾಗುತ್ತಿರಲಿಲ್ಲ. ಹಾಗಾಗಿ ಒಂದು ಶನಿವಾರ ಅವರನ್ನೂ ಬೆಕ್ಕನ್ನೂ ಆಟೋದಲ್ಲಿ ಕೂರಿಸಿಕೊಂಡು ವೈಯಾಲಿಕಾವಲ್‌ನ ಪಶುವೈದ್ಯರ ಹತ್ತಿರ ಹೋದವಳು ನಾನೇ.

ಡಾಕ್ಟರು ವಯಸ್ಸಾದವರು, ನಿಧಾನದ ಮನುಷ್ಯ. "ಹಾಲು, ಮೊಸರನ್ನ ನಿಲ್ಸಿ. ಇದು ಮಾಂಸ ತಿನ್ನೋ ಪ್ರಾಣಿ. ಬೇಯಿಸಿದ ಕೋಳಿ ಕೊಡಿ, ಮುಳ್ಳು ತೆಗೆದ ಮೀನು ಕೊಡಿ, ಉಪ್ಪು ಖಾರ ಏನೂ ಬೇಡ. ಅದರ ಜೊತೆ ಒಂದು ಸ್ಪೂನು ಸಿಹಿಗುಂಬಳ ಬೇಯಿಸಿ ಮ್ಯಾಶ್ ಮಾಡಿ ಸೇರ್ಸಿ, ಆ ನಾರು ಕೂದಲನ್ನ ಕೆಳಕ್ಕೆ ತಳ್ಳತ್ತೆ. ಊಟ ನೀರುನೀರಾಗಿರ್ಲಿ. ದಿನಾ ಬಾಚಿ" ಎಂದರು. ನಾವು ಏಳುವಾಗ ಇನ್ನೊಂದು ಮಾತು ಸೇರಿಸಿದರು. "ಸ್ನಾನ ಮಾತ್ರ ಮಾಡಿಸ್ಬೇಡಿ. ಒದ್ದೆಯಾದ್ರೆ ಒಣಗೋವರೆಗೂ ನೆಕ್ಕತ್ತೆ. ಅಷ್ಟೂ ಕೂದಲು ಒಳಗೆ ಹೋಗತ್ತೆ." ನಾವಿಬ್ಬರೂ ತಲೆಯಾಡಿಸಿದೆವು. ಆ ಮಾತನ್ನು ಇಬ್ಬರೂ ಒಟ್ಟಿಗೇ ಕೇಳಿಸಿಕೊಂಡೆವು ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಡಾಕ್ಟರು ಕೊಟ್ಟ ಬೆಕ್ಕಿನ ಆಹಾರದ ಪೊಟ್ಟಣವನ್ನು ಮೇಡಂ ಆಟೋದಲ್ಲೇ ಕನ್ನಡಕ ಹಾಕಿಕೊಂಡು ಓದಿದರು. ಕೋಳಿಯ ಚಿತ್ರ ನೋಡಿ ಅದನ್ನು ನನ್ನ ತೊಡೆಯ ಮೇಲಿಟ್ಟರು. ಮೂರು ದಿನ ಬಿಟ್ಟು, ಮೊದಲ ಬಾರಿಗೆ, ಕಂಬಿ ಹಿಡಿದು ನಮ್ಮ ಮೆಟ್ಟಿಲು ಹತ್ತಿ ಬಂದರು. ಬಾಗಿಲ ಹೊರಗೇ ನಿಂತರು.

"ನೋಡಿಮ್ಮಾ, ನಿಮ್ಮನೇಲಿ ಹೇಗೂ ಮಾಡ್ತೀರಲ್ಲ. ಅವನಿಗೂ ಒಂದು ತುತ್ತು ಹಾಕಿ. ನನಗೆ ನೋಡಕ್ಕಾಗ್ತಿಲ್ಲ."

ಕಣ್ಣಲ್ಲಿ ನೀರಿತ್ತು. ನಾನು ಕರಗಿಹೋದೆ. ಅಷ್ಟೇ ಅಲ್ಲ, ಒಳಗೊಳಗೇ ಬೀಗಿದೆ ಕೂಡ. ನಮ್ಮ ಒಲೆಯ ಮೇಲೆ ಬೆಂದದ್ದು ಅವರ ಕಂದನಿಗೆ ಬೇಕಾಯಿತಲ್ಲ ಎಂದು.

ಸಂಜೆ ಆಫೀಸಿನಿಂದ ಬಂದ ಮೇಲೆ ಬೆಕ್ಕನ್ನು ಕರೆಯುತ್ತಿದ್ದೆ. ಮೇಡಂ ಸಿಹಿಗುಂಬಳ ಬೇಯಿಸಿ, ಹಳೆಯ ಐಸ್‌ಕ್ರೀಂ ಕಪ್ಪಿಗೆ ಹಾಕಿ ಮೆಟ್ಟಿಲ ಮೇಲಿಟ್ಟಿರುತ್ತಿದ್ದರು. ನಾನು ಕೋಳಿಯನ್ನು ಬಿಡಿಸಿ, ಕುಂಬಳ ಕಲಸಿ, ಬೇಯಿಸಿದ ನೀರನ್ನೇ ಮೇಲೆ ಸುರಿದು ಕೊಡುತ್ತಿದ್ದೆ. ಅದು ತಿನ್ನುವುದನ್ನು ನೋಡಬೇಕಿತ್ತು. ಗೊರಗೊರ ಎನ್ನುತ್ತ, ತಟ್ಟೆಯನ್ನು ಗೋಡೆಯವರೆಗೆ ತಳ್ಳಿಕೊಂಡು ಹೋಗಿ ನೆಕ್ಕುತ್ತಿತ್ತು. ಕಪ್ಪು ವಾಪಸ್ ಕೊಡಲು ಹೋದರೆ, "ಇರ್ಲಿ ಬಿಡಿ, ಅದು ಬೇಡ" ಎನ್ನುತ್ತಿದ್ದರು. ಎಷ್ಟು ಧಾರಾಳ ಎಂದುಕೊಂಡೆ.

ಅಮ್ಮ ಮಾತ್ರ ಅಡುಗೆಮನೆಯ ಮೂಲೆಯಲ್ಲಿ ಎತ್ತರವಾಗುತ್ತಿದ್ದ ಕಪ್ಪುಗಳನ್ನು ನೋಡಿ ನಕ್ಕಳು. "ಓದಿದೀಯ, ಇದು ಗೊತ್ತಾಗಲ್ವಾ? ಅವರು ಸ್ಟೀಲ್ ಬಟ್ಲಲ್ಲಿ ಯಾಕೆ ಕಳಿಸಲ್ಲ ಹೇಳು."

"ನಿಂಗೆ ಎಲ್ಲದ್ರಲ್ಲೂ ಅದೇ" ಎಂದು ಅವಳ ಬಾಯಿ ಮುಚ್ಚಿಸಿದೆ.

ಒಂದು ತಿಂಗಳಲ್ಲಿ ಕೆಮ್ಮು ಕಡಿಮೆಯಾಯಿತು. ಕೂದಲಿಗೆ ಹೊಳಪು ಬಂತು. ಆದರೆ ಎಷ್ಟೋ ಸಲ ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಅದನ್ನು ಮುಟ್ಟಿದರೆ ಹೊಟ್ಟೆಯ ಕಡೆ ತಣ್ಣಗಿರುತ್ತಿತ್ತು. ಎಲ್ಲೋ ನೀರು ತುಳಿದಿರಬೇಕು ಎಂದುಕೊಂಡೆ. ಒಂದು ಭಾನುವಾರ ನನಗೆ ರಜೆಯೆಂದು ಮಧ್ಯಾಹ್ನವೇ ಊಟ ಹಾಕಿ ಕಳಿಸಿದೆ. ನಮ್ಮ ಅಡುಗೆಮನೆಯ ಕಿಟಕಿಯಿಂದ ಅವರ ಹಿತ್ತಲು ಕಾಣುತ್ತದೆ. ಪಾತ್ರೆ ತೊಳೆಯುತ್ತ ಕೆಳಗೆ ನೋಡಿದರೆ, ಮೇಡಂ ಒಗೆಯುವ ಕಲ್ಲಿನ ಪಕ್ಕ ಕೂತು ಬೆಕ್ಕನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ಅದುಮಿ ಹಿಡಿದಿದ್ದರು. ಚೊಂಬಿನಿಂದ ನೀರು. ಒಂದು, ಎರಡು, ಮೂರು. "ಆಯ್ತು ಆಯ್ತು, ಇನ್ನು ಒಳಗೆ ಬರಬಹುದು" ಎಂದರು. ನಂತರ ಬೆಕ್ಕನ್ನು ಎದೆಗೆ ಅವಚಿಕೊಂಡು, ಅದರ ನೆತ್ತಿಗೆ ಮುತ್ತು ಕೊಡುತ್ತ ಒಳಗೆ ಹೋದರು.

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ತಿಂದದ್ದು ಕೋಳಿ ಎಂದಲ್ಲ. ಹಾಗಿದ್ದರೆ ಬಾಯಿ ಒರೆಸಿದ್ದರೆ ಸಾಕಿತ್ತು. ನಮ್ಮ ನೆಲ ಮೆಟ್ಟಿ ಬಂದಿತ್ತು, ನಮ್ಮ ಕೈ ಅದರ ಬೆನ್ನ ಮೇಲೆ ಆಡಿತ್ತು, ಅದಕ್ಕೆ ಸ್ನಾನ. ದಿನವೂ, ಒಂದು ತಿಂಗಳಿಂದ. ನನಗೆ ಮೈ ಉರಿದುಹೋಯಿತು.

ಆಗ ಕೆಳಗಿಳಿದು ಹೋಗಿ ಜಗಳ ಆಡಬೇಕಿತ್ತು. ಇಲ್ಲವೇ ಊಟ ನಿಲ್ಲಿಸಬೇಕಿತ್ತು. ಎರಡನ್ನೂ ಮಾಡಲಿಲ್ಲ. ನನಗೆ ಹೊಳೆದದ್ದು ಬೇರೆ. ಎರೀಬೇಕು ತಾನೇ? ಎರೀ, ಎಷ್ಟು ಎರೀತೀಯೋ ನಾನೂ ನೋಡ್ತೀನಿ ಎಂದುಕೊಂಡೆ. ದಿನದ ಒಂದೇ ಊಟವನ್ನು ಮೂರು ಪಾಲು ಮಾಡಿದೆ. ಬೆಳಿಗ್ಗೆ ಆರಕ್ಕೆ, ಮೇಡಂ ಸ್ನಾನ ಮುಗಿಸಿ ಪೂಜೆಗೆ ಕೂರುವ ಹೊತ್ತಿಗೆ ಸರಿಯಾಗಿ, ತಟ್ಟೆ ಬಡಿದು ಕರೆಯುತ್ತಿದ್ದೆ. ಬೆಕ್ಕು ಓಡಿ ಬರುತ್ತಿತ್ತು. ಆಫೀಸಿಗೆ ಹೊರಡುವ ಮುಂಚೆ ಇನ್ನೊಂದು ಸಲ. ಸಂಜೆ ಮತ್ತೊಂದು ಸಲ. ಪ್ರತಿ ಸಲವೂ ಕಿಟಕಿಯಲ್ಲಿ ನಿಂತು, ಅವರು ಪೂಜೆ ಬಿಟ್ಟು, ಮಂಡಿ ಹಿಡಿದುಕೊಂಡು, ಕುಂಟುತ್ತ ಹಿತ್ತಲಿಗೆ ಬರುವುದನ್ನು ನೋಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಖುಷಿಯಾಗುತ್ತಿತ್ತು. ಕಾಫಿ ಹಿಡಿದುಕೊಂಡು ನೋಡುತ್ತಿದ್ದೆ.

ಅದು ಡಿಸೆಂಬರ್ ತಿಂಗಳು. ಬೆಕ್ಕು ಒಣಗುತ್ತಲೇ ಇರಲಿಲ್ಲ. ಕಾಂಪೌಂಡ್ ಗೋಡೆಯ ಮೇಲೆ ಬಿಸಿಲಿಗೆ ಕೂತು ಮೈ ನೆಕ್ಕಿದ್ದೇ ನೆಕ್ಕಿದ್ದು. ಒಂದು ಪಕ್ಕ ಮುಗಿಸಿ ಇನ್ನೊಂದು ಪಕ್ಕ ಶುರು ಮಾಡುವಷ್ಟರಲ್ಲಿ ನಾನು ತಟ್ಟೆ ಬಡಿಯುತ್ತಿದ್ದೆ. ಗೊಕ್ ಗೊಕ್ ಮತ್ತೆ ಶುರುವಾಯಿತು, ಈ ಸಲ ದಿನವೂ.

"ಪಾಪ, ಆ ಮೂಕಪ್ರಾಣಿನ ಯಾಕೆ ಸಾಯಿಸ್ತೀರಾ ಇಬ್ರೂ ಸೇರ್ಕೊಂಡು?" ಎಂದಳು ಅಮ್ಮ. "ನೀನು ಕರೀಬೇಡ."

"ಅವರು ಎರೀದೇ ಇರಲಿ" ಎಂದೆ.

"ಅವರು ಬಿಡಲ್ಲ, ಅವರ ರಕ್ತದಲ್ಲಿದೆ. ನೀನು ಬಿಡು."

"ನಾನ್ಯಾಕೆ ಬಿಡ್ಲಿ? ಯಾವಾಗ್ಲೂ ನಾವೇ ಬಿಡ್ಬೇಕಾ?"

ನನ್ನ ಮಾತು ನ್ಯಾಯವಾಗಿಯೇ ಇತ್ತು. ಅದೇ ತೊಂದರೆ. ಅಷ್ಟು ನ್ಯಾಯವಾದ ಮಾತು ಹಿಡಿದುಕೊಂಡು ನಾನು ಒಂದು ಬೆಕ್ಕಿನ ಹೊಟ್ಟೆಯೊಳಗೆ ದಿನಕ್ಕೆ ಮೂರು ಸಲ ಕೂದಲು ತುರುಕುತ್ತಿದ್ದೆ.

ಜನವರಿಯಲ್ಲಿ ಅದು ತಟ್ಟೆಯ ಸದ್ದಿಗೆ ಬರುವುದನ್ನು ನಿಲ್ಲಿಸಿತು. ಎರಡು ದಿನ ಏನೂ ತಿನ್ನಲಿಲ್ಲ, ಬರೀ ನೊರೆ ಕಾರಿತು. ಹೊಟ್ಟೆ ಕಲ್ಲಿನ ಹಾಗಾಯಿತು. ಮತ್ತೆ ಅದೇ ಬುಟ್ಟಿ, ಅದೇ ಆಟೋ. ಕರುಳು ಕಟ್ಟಿಕೊಂಡಿದೆ ಎಂದು ಡಾಕ್ಟರು ಆಪರೇಷನ್ ಮಾಡಿದರು. ಹೊರಗೆ ಬಂದು ಟ್ರೇ ತೋರಿಸಿದರು. ಅದರಲ್ಲಿ ನೆನೆದ ಹಗ್ಗದ ತುಂಡಿನ ಹಾಗೆ ಕೂದಲು ಬಿದ್ದಿತ್ತು.

"ಊಟ ನಾನು ಹೇಳಿದ್ದನ್ನೇ ಕೊಡ್ತಿದ್ರಾ?"

"ಕೊಡ್ತಿದ್ವಿ" ಎಂದೆ.

"ಹಾಗಾದ್ರೆ ಇಷ್ಟೊಂದು ಯಾಕೆ ನೆಕ್ಕಿದೆ ಇದು? ಸ್ನಾನ ಏನಾದ್ರೂ ಮಾಡಿಸ್ತಿದ್ರಾ?"

"ಇಲ್ಲ" ಎಂದರು ಮೇಡಂ.

ಡಾಕ್ಟರು ನನ್ನ ಮುಖ ನೋಡಿದರು. ಒಂದು ಮಾತು ಸಾಕಿತ್ತು. ಆದರೆ ಆ ಮಾತಿನ ಹಿಂದೆಯೇ, "ಗೊತ್ತಿದ್ದೂ ನೀವು ಯಾಕೆ ಕರೀತಿದ್ರಿ?" ಎಂಬ ಪ್ರಶ್ನೆ ಬರುತ್ತಿತ್ತು. "ಇಲ್ಲ ಡಾಕ್ಟ್ರೇ" ಎಂದೆ ನಾನೂ. ಅವರು ಪಾಪ, ಚರ್ಮದ ಕಾಯಿಲೆ ಇರಬಹುದು ಎಂದು, ಎಚ್ಚರವೇ ಸರಿಯಾಗಿ ಬಾರದ ಆ ಜೀವದ ಮೈಯನ್ನು ಬ್ಲೇಡಿನಿಂದ ಎರಡು ಕಡೆ ಕೆರೆದು ಪರೀಕ್ಷೆಗೆ ತೆಗೆದುಕೊಂಡರು. ಅದು ಸಣ್ಣಗೆ ನರಳಿತು. ನಾವಿಬ್ಬರೂ ಗೋಡೆ ನೋಡುತ್ತ ನಿಂತೆವು.

ಮನೆಗೆ ಕಳಿಸುವಾಗ, ಮೂರು ಗಂಟೆಗೊಮ್ಮೆ ಸೋಸಿದ ಕೋಳಿ ರಸವನ್ನು ಸಿರಿಂಜಿನಿಂದ ಬಾಯಿಗೆ ಬಿಡಬೇಕು ಎಂದಿದ್ದರು. ಹೊಲಿಗೆ ಅಲುಗಬಾರದೆಂದು ಮೆಟ್ಟಿಲು ಹತ್ತಿಸುವಂತಿರಲಿಲ್ಲ. "ಆ ರಸ ಒಳಗೆ ತರಕ್ಕಾಗಲ್ಲ" ಎಂದು ಮೇಡಂ ಬುಟ್ಟಿಯನ್ನು ತಮ್ಮ ಬಾಗಿಲ ಹೊರಗೆ, ಮೆಟ್ಟಿಲ ಬುಡದಲ್ಲಿ ಇಡಿಸಿದರು. ನಾನು ರಜೆ ಹಾಕಿದೆ. ಹೊರಗೆ ನೆಲದ ಮೇಲೆ ಕೂತು ನಾನು ರಸ ಬಿಡುತ್ತಿದ್ದೆ. ಹೊಸ್ತಿಲ ಒಳಗೆ ಕುರ್ಚಿ ಹಾಕಿಕೊಂಡು ಅವರು ನೋಡುತ್ತಿದ್ದರು. ಎರಡು ದಿನ ಅವರೂ ಊಟ ಮಾಡಲಿಲ್ಲ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬುಟ್ಟಿಯಿತ್ತು. ಅದು ಅವರ ಕಡೆಗೇ ಮುಖ ಮಾಡಿ ಮಲಗಿತ್ತು. ಮೂರನೆಯ ದಿನ ಬೆಳಿಗ್ಗೆ ರಸ ಬಾಯಿಯ ಪಕ್ಕದಿಂದ ಹೊರಗೇ ಹರಿದುಬಂತು.

"ಹೋಯ್ತು" ಎಂದೆ.

ಮೇಡಂ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತರು. ತುಂಬ ಹೊತ್ತು ಅತ್ತರು. ಆಮೇಲೆ ಮುಖ ಒರೆಸಿಕೊಂಡು ಹೇಳಿದರು. "ಹಿತ್ತಲಲ್ಲಿ ಮಣ್ಣು ಮಾಡಿಬಿಡಿಮ್ಮಾ. ಸತ್ತದ್ದನ್ನ ನಾನು ಮುಟ್ಟಕ್ಕಾಗಲ್ಲ. ನಿಮ್ಮ ಕಡೆಯವರಿಗೆ ಇದೆಲ್ಲ ಅಭ್ಯಾಸ ಇರತ್ತೆ."

ನನ್ನ ತಾತ ಊರಿನವರ ಸತ್ತ ದನಗಳನ್ನು ಎಳೆದು ಹಾಕುತ್ತಿದ್ದವನು. ಅಪ್ಪ ಅದನ್ನು ಬಿಡಲೆಂದೇ ಓದಿದ, ನನ್ನನ್ನೂ ಓದಿಸಿದ. ಇದು ಯಾವುದೂ ಮೇಡಂಗೆ ಗೊತ್ತಿರಲಿಲ್ಲ. ಆದರೂ ಅಷ್ಟು ಸಲೀಸಾಗಿ ಅವರ ಬಾಯಲ್ಲಿ ಬಂತು. ಅವರ ಮೇಲೆ ಕೈ ಎತ್ತಿಬಿಡುತ್ತಿದ್ದೆನೋ ಏನೋ. ಆದರೆ ಆ ಹೆಣದಲ್ಲಿ ನನ್ನ ಪಾಲೂ ಇತ್ತಲ್ಲ.

"ಆಯ್ತು, ಬಾಗಿಲು ಬಿಡಿ" ಎಂದೆ.

ಆ ಮನೆಯ ಪಕ್ಕದ ಓಣಿಯನ್ನು ಕಾರ್ ಶೆಡ್ಡು ಮಾಡಿ ಮುಚ್ಚಿದ್ದರು. ಬೆಕ್ಕು ಆ ಶೆಡ್ಡಿನ ಸೂರಿನ ಮೇಲಿಂದ ಹಿತ್ತಲಿಗೆ ಇಳಿಯುತ್ತಿತ್ತು, ಮನುಷ್ಯರು ಮನೆಯೊಳಗಿಂದಲೇ ಹೋಗಬೇಕು. ಅದು ಅವರಿಗೆ ಆಗ ನೆನಪಾಯಿತು. ಕುರ್ಚಿ ಎಳೆದುಕೊಂಡು ಗೋಡೆಗೆ ಒತ್ತಿ ನಿಂತರು. ಸತ್ತ ಬೆಕ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಾನು ಹೊಸ್ತಿಲು ದಾಟಿದೆ. ನಡುಮನೆ ದಾಟಿದೆ, ದೇವರಮನೆಯ ಮುಂದೆ ಹಾದೆ, ಅಡುಗೆಮನೆ ದಾಟಿದೆ. ಬೇಕೆಂದೇ ನಿಧಾನವಾಗಿ ನಡೆದೆ. ದಾರಿಯಲ್ಲಿ ಬಾಗಿಲು ತೆರೆದಿದ್ದ ಕೋಣೆಯೊಳಗೆ, ಮಂಚದ ಮೇಲೆ ಅವರ ದಿಂಬಿನ ಪಕ್ಕ ಪುಟ್ಟದೊಂದು ದಿಂಬಿತ್ತು, ರೇಷ್ಮೆ ಸೀರೆಯ ತುಂಡಿನದು, ಅದರ ತುಂಬ ಬಿಳಿ ಕೂದಲು. ಆ ಬೆಕ್ಕನ್ನು ಅವರು ಎಷ್ಟು ಪ್ರೀತಿಸುತ್ತಿದ್ದರು ಎನ್ನುವುದರಲ್ಲಿ ಅನುಮಾನವಿರಲಿಲ್ಲ.

ಕರಿಬೇವಿನ ಗಿಡದ ಹತ್ತಿರ ಗುಂಡಿ ತೋಡಿ, ಮಲಗಿಸಿ, ಮಣ್ಣು ಎಳೆಯತೊಡಗಿದೆ. ಮೇಡಂ ಹಿಂದಿನ ಬಾಗಿಲ ಹೊರಗೆ ಬಿಸಿಲಲ್ಲಿ ನಿಂತಿದ್ದರು.

"ಡಾಕ್ಟ್ರ ಹತ್ರ ಯಾಕೆ ಸುಳ್ಳು ಹೇಳಿದ್ರಿ?" ಎಂದು ಕೇಳಿದೆ.

"ನೀವ್ಯಾಕೆ ಹೇಳಿದ್ರಿ?" ಎಂದರು ಅವರು. ಹೆಡ್‌ಮಿಸ್ಟ್ರೆಸ್ ಧ್ವನಿ. "ಕಿಟಕೀಲಿ ನಿಂತ್ಕೊಂಡು ನೋಡ್ತಿದ್ದದ್ದು ನನಗೆ ಕಾಣ್ತಿರಲಿಲ್ಲ ಅಂದ್ಕೊಂಡ್ರಾ? ಇವತ್ತು ನಿಲ್ಲಿಸ್ತೀರಾ, ನಾಳೆ ನಿಲ್ಲಿಸ್ತೀರಾ ಅಂತ ಕಾಯ್ತಿದ್ದೆ."

ನಾನೂ ಅದನ್ನೇ ಕಾಯುತ್ತಿದ್ದೆ, ಅವರು ನಿಲ್ಲಿಸಲಿ ಎಂದು. ಮಣ್ಣು ಸರಿಮಾಡಿದೆ.

ಇನ್ನು ನಾನು ಮತ್ತೆ ಅದೇ ದಾರಿಯಲ್ಲಿ ಹೊರಗೆ ಹೋಗಬೇಕು. ಹೋದ ಮೇಲೆ ಅವರು ಮನೆಯನ್ನೆಲ್ಲ ತೊಳೆಯಬೇಕು, ತಲೆಗೆ ನೀರು ಹಾಕಿಕೊಳ್ಳಬೇಕು. ಅಲ್ಲಿಯವರೆಗೆ ಅವರು ಏನನ್ನೂ ಮುಟ್ಟುವಂತಿಲ್ಲ, ಎಲ್ಲೂ ಕೂರುವಂತಿಲ್ಲ, ಎರಡು ದಿನದಿಂದ ಖಾಲಿಯಿದ್ದ ಹೊಟ್ಟೆಗೆ ಒಂದು ಲೋಟ ನೀರೂ ಕುಡಿಯುವಂತಿಲ್ಲ. ಬಿಸಿಲಲ್ಲಿ ಅವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿರುವುದು ನನಗೆ ಕಾಣುತ್ತಿತ್ತು. ಸಾಕು, ಹೋಗು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡು, ಒಗೆಯುವ ಕಲ್ಲಿನ ಮೇಲೆ ಕೂತೆ, ಮತ್ತೆ ಬಹಳ ಹೊತ್ತು ಏಳಲಿಲ್ಲ.